ಇಳಿಯದೆ ಕೂತವರಿಗೆ

ಮನೆಯಿಂದ,
ಭಾನುವಾರ ಮಧ್ಯಾಹ್ನ

ನಮ್ಮ ಮನೆಯವರಿಗೆ, ನಿಮ್ಮವಳು ಮಾಡುವ ನಮಸ್ಕಾರ.

ಆರೋಗ್ಯವಾಗಿದ್ದೀರಾ ಅಂತ ಕೇಳುವುದು ಪದ್ಧತಿ, ಕೇಳಿದ್ದೇನೆ. "ಚೆನ್ನಾಗಿದೀನಿ" ಅನ್ನುವುದು ನಿಮ್ಮ ಪದ್ಧತಿ, ಅದನ್ನು ಮಾತ್ರ ನಂಬುವುದಿಲ್ಲ. ನಿಮ್ಮ ಕೆಲಸದ ಜಾಗದಿಂದ ನಿನ್ನೆ ಊರಿಗೆ ಬಂದ ಪಕ್ಕದ ಮನೆಯ ವೆಲ್ಡರಣ್ಣ ಇವತ್ತು ಬೆಳಿಗ್ಗೆ ಎಲ್ಲ ಹೇಳಿದರು. ಪಕ್ಕೆ ಹಿಡಿದುಕೊಂಡೇ ಕ್ರೇನ್ ಹತ್ತುತ್ತಿದ್ದೀರಂತೆ. ಸಂಜೆ ಇಳಿದ ಮೇಲೆ ನಡುಕ ಬಂದು ಜ್ವರ ಏರುತ್ತದಂತೆ. ಕೇಳಿದವರಿಗೆ ಮೇಲೆ ಗಾಳಿ ಜಾಸ್ತಿ ಅನ್ನುತ್ತೀರಂತೆ. ನನಗೆ ಹೇಳಬಾರದು ಅಂತ ಅವರಿಂದ ಆಣೆ ಬೇರೆ ಹಾಕಿಸಿಕೊಂಡಿದ್ದೀರಿ. ಆ ಮನುಷ್ಯನ ಬಾಯಲ್ಲಿ ಸಾಸಿವೆ ಕಾಳೂ ನಿಲ್ಲುವುದಿಲ್ಲ ಅಂತ ಗೊತ್ತಿದ್ದೂ ಅವರನ್ನೇ ನಂಬಿದಿರಲ್ಲ! ಫೋನಿನಲ್ಲಿ ಕೇಳಿದೆ, ಸಿಗ್ನಲ್ ಇಲ್ಲ ಅಂತ ಇಟ್ಟುಬಿಟ್ಟಿರಿ. ಅದಕ್ಕೇ ಕಾಗದ. ವೆಲ್ಡರಣ್ಣ ಇವತ್ತು ಸಂಜೆಯೇ ವಾಪಸು ಹೊರಡುತ್ತಾರೆ, ಅವರ ಕೈಯಲ್ಲೇ ಕಳಿಸುತ್ತೇನೆ.

ನಿಮಗೆ ಹೇಳದ ಒಂದು ಸಂಗತಿ ನನ್ನ ಹತ್ತಿರವೂ ಇದೆ. ಮಾವ ಈಗ ಚೆನ್ನಾಗಿದ್ದಾರೆ, ಗಾಬರಿ ಬೇಡ. ಕಳೆದ ವಾರ ಒಂದು ದಿನ ಬೆಳಿಗ್ಗೆಯಿಂದ ಕುರ್ಚಿ ಬಿಟ್ಟು ಏಳಲೇ ಇಲ್ಲ. ಕ್ರೇನಿನ ಮೇಲೆ ಜೀವಮಾನ ಕಳೆದವರಲ್ಲವೇ, ಬೆಳಿಗ್ಗೆ ನೀರು ಕುಡಿಯದೆ ಹತ್ತಿ, ಸಂಜೆಯವರೆಗೂ ಮೂತ್ರಕ್ಕೂ ಇಳಿಯದೆ ಕೂರುವುದು ಅವರಿಗೆ ದೊಡ್ಡ ಪದಕ. ನಿಮಗೂ ಅದನ್ನೇ ಕಲಿಸಿದ್ದಾರೆ. ಮಧ್ಯಾಹ್ನ ನನ್ನನ್ನು ಕರೆದು, ಇನ್ನೂ ಒಂದು ಸಲವೂ ಎದ್ದಿಲ್ಲ, ಹಳೇ ಪಟ್ಟು ಬಿಟ್ಟಿಲ್ಲ ನೋಡು ಅಂತ ಹೆಮ್ಮೆಯಿಂದ ಹೇಳಿದರು. ನಾನೂ ನಕ್ಕೆ. ಸಂಜೆಯಾಗುತ್ತಲೂ ಕೂತರೆ ಕೂರಲಾರರು, ನಿಂತರೆ ನಿಲ್ಲಲಾರರು, ಹಣೆಯೆಲ್ಲ ಬೆವರು. ಗ್ಯಾಸು ಅಂದರು. ನೀರು ಕುಡಿದರೆ ಸರಿಹೋಗುತ್ತದೆ ಅಂತ ಚೊಂಬುಗಟ್ಟಲೆ ಕುಡಿದರು, ಬಚ್ಚಲಿಗೆ ಹೋಗಿ ಹೋಗಿ ಬಂದರು. ಸೊಸೆಗೆ ಇಂಥದ್ದು ಹೇಗೆ ಹೇಳುವುದು ಅಂತ ಅವರಿಗೆ, ಮಾವನನ್ನು ಹೇಗೆ ಕೇಳುವುದು ಅಂತ ನನಗೆ. ಕೊನೆಗೆ ನಾಚಿಕೆ ಬಿಟ್ಟು ಬಚ್ಚಲ ಬಾಗಿಲ ಹೊರಗೆ ನಿಂತು ನೇರವಾಗಿ ಕೇಳಿದೆ. ಒಳಗಿನಿಂದ ಸಣ್ಣ ದನಿಯಲ್ಲಿ, "ಬರ್ತಾ ಇಲ್ಲಮ್ಮಾ" ಅಂದರು. ಅವರ ಅಂಥ ದನಿ ನಾನು ಕೇಳಿಯೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಿಬ್ಬೊಟ್ಟೆ ಮುಟ್ಟಿದವರೇ ಟ್ಯೂಬು ಹಾಕಿಸಿದರು. ಅಲ್ಲಿ ಗಡಿಗೆ ಬೋರಲು ಹಾಕಿದ ಹಾಗೆ ಊದಿ ಬಿಗಿದಿತ್ತು. ಸ್ವಲ್ಪ ಹೊತ್ತಿಗೆಲ್ಲ ಬೆಟ್ಟದ ಹಾಗೆ ಬಂದದ್ದು ಮಂಜಿನ ಹಾಗೆ ಕರಗಿ, ಮಾವ ನಿದ್ದೆ ಹೋದರು. ಅವರು ತಡೆದುಕೊಂಡಿದ್ದಲ್ಲ, ದಾರಿಯೇ ಕಟ್ಟಿಹೋಗಿತ್ತು ಅಂತ ಆಮೇಲೆ ತಿಳಿಯಿತು. ಕಟ್ಟಿದಾಗ ನೀರು ಕುಡಿದರೆ ಇನ್ನೂ ಕೇಡಂತೆ, ತಡ ಮಾಡಿದರೆ ಮೂತ್ರಪಿಂಡವೇ ಹಾಳಾಗಬಹುದಂತೆ. ಡಾಕ್ಟರಮ್ಮ ಇನ್ನೂ ಹೇಳಿದರು: ಪಕ್ಕೆ ನೋವಿನ ಜೊತೆ ನಡುಕ ಜ್ವರ ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ, ಹೊಟ್ಟೆ ಹಲಗೆಯಂತೆ ಬಿಗಿದು ಮುಟ್ಟಿಸಿಕೊಳ್ಳದಂತಾದರೆ, ನಾಳೆ ನೋಡೋಣ ಅನ್ನಬಾರದು. ಆಗ ತಲೆಯಾಡಿಸಿ ಬಂದೆ. ಇವತ್ತು ವೆಲ್ಡರಣ್ಣನ ಬಾಯಿಂದ ನಡುಕ ಅನ್ನುವ ಮಾತು ಬಂದಾಗ ಅದೇ ನೆನಪಾಗಿ ನಿಮಗೆ ಫೋನು ಮಾಡಿದೆ.

ಬಟ್ಟೆ ಒಣಹಾಕಲು ತಾರಸಿಗೆ ಹೋದರೆ ದೂರದಲ್ಲಿ ಯಾರದೋ ಕ್ರೇನು ಕಾಣುತ್ತದೆ. ನಿಮ್ಮದಲ್ಲ ಅಂತ ಗೊತ್ತು. ಆದರೂ ಅದು ತಿರುಗುವವರೆಗೂ ನಿಂತಿರುತ್ತೇನೆ, ಕೆಳಗೆ ಹಾಲು ಉಕ್ಕಿ ಒಲೆ ಸೇರುತ್ತದೆ. ಮಗಳು ನಗುತ್ತಾಳೆ. ನಿಮ್ಮನ್ನು ಎಷ್ಟು ನೋಡಬೇಕು ಅನಿಸುತ್ತದೆ ಅಂತ ಅವಳಿಗೆ ಹೇಳಲಾಗುವುದಿಲ್ಲ, ನಿಮಗೆ ಹೇಳುತ್ತಿದ್ದೇನೆ. ನೀವಿಲ್ಲದ ಮನೆಯಲ್ಲಿ ಸಂಜೆ ಬಹಳ ಉದ್ದ, ರೀ.

ಮಾವ ಆಶೀರ್ವಾದ ತಿಳಿಸಿದ್ದಾರೆ. ಈ ಸಲ ಅದರ ಜೊತೆ, ಆಗಾಗ ಇಳಿದು ಬಾ ಅಂತಲೂ ಸೇರಿಸಿದ್ದಾರೆ. ಮಗಳ ಮುತ್ತು ಇದರಲ್ಲೇ ಇದೆ, ಹುಡುಕಿಕೊಳ್ಳಿ.

ಇಂತಿ,
ದಾರಿ ಕಾಯುವ ನಿಮ್ಮವಳು

ಮತ್ತೆ: ವೆಲ್ಡರಣ್ಣ ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಾರೆ. ಅವರಿಗೆ ಹೇಳಿದ್ದೇನೆ, ಬಸ್ಸಿಳಿದವರೇ ಕಾಗದ ಬಂದಿದೆ ಅಂತ ತೋರಿಸಿ, ಕೈಗೆ ಮಾತ್ರ ಕೊಡಬೇಡಿ, ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಕೂರಿಸಿದ ಮೇಲೆ ಕೊಡಿ ಅಂತ. ನನ್ನ ಕಾಗದ ಅಂದರೆ ನೀವು ಬೈದುಕೊಂಡಾದರೂ ಅವರ ಹಿಂದೆ ಹೋಗುತ್ತೀರಿ. ಹಾಗಾಗಿ ಇದನ್ನು ಓದುವಾಗ ನೀವು ಆಸ್ಪತ್ರೆಯ ಬೆಂಚಿನ ಮೇಲಿದ್ದೀರಿ. ಎದ್ದು ಹೋಗಬೇಡಿ. ಡಾಕ್ಟರು ಕೇಳಿದ್ದಕ್ಕೆಲ್ಲ ನಿಜ ಹೇಳಿ. ನನ್ನ ಮೇಲೆ ಸಿಟ್ಟು ಬಂದಿದ್ದರೆ ಮನೆಗೆ ಬಂದು ಬೈಯಿರಿ, ಎದುರಿಗೆ ಕೂತು ಪೂರ್ತಿ ಕೇಳುತ್ತೇನೆ.