ಗಂಜಿ ಬಟ್ಟೆಗೋ, ಹೊಟ್ಟೆಗೋ?

ನಗರದ ಆಹಾರ ಸುಧಾರಣೆಯ ಅಧಿಕಾರಿಗಳಿಗೆ,

ಮಾನ್ಯರೇ, ಕಳೆದ ತಿಂಗಳು ತಾವು ಮಾಟುಂಗದಲ್ಲಿ ಆಡಿದ ಒಂದು ಮಾತಿನಿಂದ ಹೋಟೆಲ್ ಕೆಲಸಗಾರನೊಬ್ಬನ ಕಾಲು ಮತ್ತೆ ಊದತೊಡಗಿದೆ. ದಯವಿಟ್ಟು ಆ ಮಾತನ್ನು ಹಿಂದಕ್ಕೆ ಪಡೆಯಬೇಕು.

ತಮಗೆ ಸಭೆಗಳು ಬಹಳ; ನೆನಪು ಮಾಡಿಕೊಡುತ್ತೇನೆ. ನಮ್ಮ ಕನ್ನಡ ಸಂಘದಲ್ಲಿ ‘ದಿನದ ಊಟದಿಂದಲೇ ರೋಗನಿವಾರಣೆ’ ಎಂಬ ಭಾಷಣ. ನಾವು ಹಾರ ಕೊಟ್ಟೆವು, ತಾವು ಆಹಾರ ಕೊಟ್ಟಿರಿ, ಬಾಯಿಮಾತಿನಲ್ಲಿ. ಬೆಳಿಗ್ಗೆ ಹಾಲು, ಮೊಟ್ಟೆ, ನಡುವೆ ಸೇಬು, ಮಲಗುವಾಗ ನಾಲ್ಕು ಬಾದಾಮಿ. ರೇಷನ್ ಕಾರ್ಡು ಜೇಬಿನಲ್ಲಿಟ್ಟುಕೊಂಡು ಕೂತಿದ್ದ ನಾವೆಲ್ಲ ಭಕ್ತಿಯಿಂದ ಬರೆದುಕೊಂಡೆವು. ಸೇಬನ್ನು ಕೆಲವರು ಚಿತ್ರಸಹಿತ ಬರೆದುಕೊಂಡರು, ಮುಂದೆಂದಾದರೂ ಕಂಡರೆ ಗುರುತು ಸಿಗಲಿ ಎಂದು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ. ಅವನು ಪೂವಪ್ಪ, ನಾನು ದಿನವೂ ಉಣ್ಣುವ ಹೋಟೆಲಿನಲ್ಲಿ ಹದಿನಾಲ್ಕು ವರ್ಷದಿಂದ ಬಡಿಸುವವನು.

“ಸಾರ್, ನಮ್ಮಂಥವರು ಅನ್ನದ ಗಂಜಿ ಕುಡಿದ್ರೆ ಆಗ್ತದಾ?”

“ಗಂಜಿ ಬಟ್ಟೆಗಯ್ಯಾ, ಹೊಟ್ಟೆಗಲ್ಲ!” ಎಂದಿರಿ. ಸಭೆ ನಕ್ಕಿತು. ಪ್ರಾಸದ ಚಪಲವಿರುವ ನಾನು ಎಲ್ಲರಿಗಿಂತ ಮೊದಲೇ ನಕ್ಕೆ. ಪೂವಪ್ಪ ಕೂತ.

ಯಾಕೆ ಕೇಳಿದೆ ಎಂದು ತಾವು ಅವನನ್ನು ಕೇಳಲಿಲ್ಲ. ಆ ಹೋಟೆಲಿನ ಏರ್ಪಾಡು ಹೀಗಿದೆ: ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿಯನ್ನು ನಾಲ್ಕು ನೀರಿನಲ್ಲಿ ತೊಳೆದು, ಬೇಯಿಸಿ, ಗಂಜಿ ಬಸಿದು, ಆ ಗಂಜಿಯನ್ನು ಕೊಡ ತುಂಬ ಪಕ್ಕದ ಧೋಬಿಗೆ ಕಳಿಸುತ್ತಾರೆ. ಅದಕ್ಕೆ ಪ್ರತಿಯಾಗಿ ಅವನು ಮಾಲೀಕ ಚೆನ್ನಯನವರ ಅಂಗಿ-ಪಂಚೆ ಪುಕ್ಕಟೆ ಒಗೆಯುತ್ತಾನೆ. ಅನ್ನದ ತತ್ವ ಕೆಲಸಗಾರರಿಗೆ, ಸತ್ವ ಕಾಲರಿಗೆ. ನನ್ನ ಅಂಗಿಗಳೂ ಹೋಗುವುದು ಅದೇ ಧೋಬಿಗೆ. ತಮ್ಮ ಸಭೆಯಲ್ಲಿ ನಾನು ಅಷ್ಟು ನೆಟ್ಟಗೆ ಕೂತದ್ದು ಪೂವಪ್ಪನ ಊಟದ ಬಲದಿಂದ.

ಈ ಮಳೆಗಾಲದಲ್ಲಿ ಅವನ ಪಾದ ಜೋಮು ಹಿಡಿಯಿತು, ಕಾಲು ಊದಿತು, ಕೈಯಲ್ಲಿದ್ದ ತಟ್ಟೆಗಳು ಬಿದ್ದವು. ಡಾಕ್ಟರು ಅಕ್ಕಿಯ ಸತ್ವ ಸಿಗದೆ ಬರುವ ಬೆರಿಬೆರಿ ಎಂದರು. ಬೇರೆ ಬೇರೆ ರೋಗಗಳೆಂದು ಪೂವಪ್ಪ ಹೆದರಿದ. ಒಂದೇ ಎಂದು ಸಮಾಧಾನ ಮಾಡಿದೆ. ಸೂಜಿ ಚುಚ್ಚಿದ ಮೇಲೆ ಡಾಕ್ಟರು ಹೇಳಿದ್ದಿಷ್ಟು: ಅಕ್ಕಿಯನ್ನು ಅಷ್ಟು ತೊಳೆಯಬೇಡ, ಗಂಜಿ ಬಿಡಬೇಡ, ಜೊತೆಗೆ ಹೆಸರುಕಾಳು, ಒಂದು ಹಿಡಿ ನೆಲಗಡಲೆ. ಸೇಬಿನ ಸುದ್ದಿಯೇ ಇಲ್ಲ, ಕಡಿಮೆ ಓದಿದವರಿರಬೇಕು. ಆರು ವಾರ ಧೋಬಿಗೆ ಗಂಜಿ ಹೋಗಲಿಲ್ಲ. ಪೂವಪ್ಪ ಮತ್ತೆ ನಾಲ್ಕು ತಟ್ಟೆ ಹಿಡಿದು ಓಡಾಡಿದ. ತಮ್ಮ ಭಾಷಣಕ್ಕೂ ಅದೇ ಕಾಲಿನಲ್ಲಿ ನಡೆದು ಬಂದ.

ತಮ್ಮ ಮಾತು ಚೆನ್ನಯನವರ ಕಿವಿಗೂ ಬಿದ್ದು, ಮರುದಿನವೇ ಕೊಡ ಮತ್ತೆ ಧೋಬಿಯ ಮನೆಗೆ ಹೋಯಿತು. ಈಗ ಪೂವಪ್ಪ ಸಂಜೆಯ ಹೊತ್ತಿಗೆ ಮೇಜು ಹಿಡಿದು ನಡೆಯುತ್ತಾನೆ. ತಿಂಗಳ ಕೊನೆಗೂ ಹೀಗೇ ಇದ್ದರೆ ಬೇರೆಯವನನ್ನು ಇಟ್ಟುಕೊಳ್ಳುವುದಾಗಿ ಚೆನ್ನಯನವರು ಹೇಳಿಬಿಟ್ಟಿದ್ದಾರೆ. ನಾನು ಹೋಗಿ ವಾದಿಸಿದೆ.

“ಡಾಕ್ಟರ್ ಹೇಳಿದ್ದು ಒಬ್ಬ ಪೂವಪ್ಪನಿಗೆ, ಮೂರ್ತಿಗಳೇ. ಸಾಹೇಬ್ರು ಹೇಳಿದ್ದು ಇಡೀ ಊರಿಗೆ.”

“ಅದು ತಮಾಷೆಗೆ ಅಂದದ್ದು, ಚೆನ್ನಯನವರೇ.”

“ಸರ್ಕಾರದವರು ತಮಾಷೆ ಮಾಡ್ತಾರಾ ಮಾರಾಯ್ರೇ? ನೀವು ಹೇಳಿದ್ರೆ ಆಗುದಿಲ್ಲ. ಮೊಹರು ಉಂಟಾ ನಿಮ್ಮ ಹತ್ರ?”

ನನ್ನ ಹತ್ತಿರ ಇಲ್ಲ; ತಮ್ಮ ಹತ್ತಿರ ಉಂಟು. ಆದ್ದರಿಂದ ತಮ್ಮ ಕಚೇರಿಯ ಕಾಗದದ ಮೇಲೆ “ಅನ್ನದ ಗಂಜಿ ಮನುಷ್ಯರು ಕುಡಿಯಲು ಯೋಗ್ಯ, ಅದರ ಮೇಲೆ ಹೋಟೆಲ್ ಕೆಲಸಗಾರರಿಗೆ ಮೊದಲ ಹಕ್ಕು” ಎಂದು ಒಂದು ಸಾಲು ಬರೆದು, ಮೊಹರು ಒತ್ತಿ, ಈ ತಿಂಗಳು ಮುಗಿಯುವುದರೊಳಗೆ ಕಳಿಸಿಕೊಡಬೇಕು. ಅಡಿಗೆಮನೆಯ ಬಾಗಿಲಿಗೆ ನಾನೇ ಹಚ್ಚುತ್ತೇನೆ. ಅಂಟಿಸುವುದಕ್ಕೆ ಗಂಜಿ ಬಳಸುವುದಿಲ್ಲ, ಮೊಳೆ ತಂದಿಟ್ಟಿದ್ದೇನೆ.

ಇಂತಿ,
ಮಾತಿದ್ದೂ ಮೊಹರಿಲ್ಲದ
ಕೇಶವಮೂರ್ತಿ
ಮಾಟುಂಗ, ೧೮ ನವೆಂಬರ್ ೧೯೫೨