ಮೂರನೆಯ ಸಾಲಿನ ನಿಲುಗಡೆ

ಶಿಕಾಗೊ, ಮಾರ್ಚ್ 1979

ಬ್ರದರ್ ಥಡಿಯಸ್ ಅವರಿಗೆ,

ಎದುರಿಗೆ ಬಂದು ಕೇಳಿದರೆ ನೀವು ಪಿಯಾನೋ ನುಡಿಸಿ ಮಾತು ಮರೆಸುತ್ತೀರಿ. ಇಪ್ಪತ್ತು ವರ್ಷ ನಿಮ್ಮ ಮೇಳದಲ್ಲಿ ಹಾಡಿದವಳಿಗೆ ಅಷ್ಟು ಗೊತ್ತು. ಅದಕ್ಕೇ ಈ ಕಾಗದ.

ನಿಮ್ಮ ಮೊದಲ ಸಂಗೀತನಾಟಕ, ಮೂರು ದಿನ ತಿಮಿಂಗಿಲದ ಹೊಟ್ಟೆಯಲ್ಲಿದ್ದ ಬೈಬಲಿನ ಯೋನನ ಕಥೆ. ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಆಡಿದ್ದು. ನನ್ನ ಅಮ್ಮ ಅರ್ಜೆಲ್ಲಾ ಹಳೆಯ ಹೊದಿಕೆಗಳನ್ನು ಕೂಡಿಸಿ ಹೊಲಿದ ತಿಮಿಂಗಿಲದೊಳಗೆ ಯೋನನ ವೇಷದ ಡೀಕನ್ ಪೆಟಿಗ್ರೂ ಸಿಕ್ಕಿಕೊಂಡರು. "ಕರ್ತನೇ, ಮೂರು ದಿನ ಎಲ್ಲಾ ನನ್ ಕೈಲಾಗಲ್ಲಪ್ಪಾ, ಮನೇಲಿ ಕೋಳಿ ತಣ್ಣಗಾಗ್ತಿದೆ!" ಎಂದು ಒಳಗಿಂದ ಕೂಗಿದರು. ಮರುದಿನದ ಆಟಕ್ಕೆ ನೀವು ಆ ಮಾತಿಗೂ ರಾಗ ಹಾಕಿ ಮೇಳದಿಂದ ಹಾಡಿಸಿದಿರಿ. ಆಗ ಹೊಟ್ಟೆ ಹಿಡಿದು ನಕ್ಕಿದ್ದೆ. ಯಾರ ಬಾಯಿಂದ ಏನು ಬಿದ್ದರೂ ಆಯ್ದುಕೊಳ್ಳುವ ಕೈ ನಿಮ್ಮದು ಎಂದು ಈಗ ಅನ್ನಿಸುತ್ತಿದೆ.

ನೆಲಮಾಳಿಗೆಯಿಂದ ಶಾಲೆಗಳ ಸಭಾಂಗಣಕ್ಕೆ, ಅಲ್ಲಿಂದ ಡೆಟ್ರಾಯಿಟ್‌ಗೆ, ಕ್ಲೀವ್‌ಲ್ಯಾಂಡ್‌ಗೆ ಹೋದಿರಿ. ನಾನೂ ಬಸ್ಸಿನಲ್ಲಿ ನಿಮ್ಮ ಹಿಂದೆಯೇ ಬಂದೆ. ಈಗ ಪೇಟೆಯ ನಡುವಿನ ದೊಡ್ಡ ರಂಗಮಂದಿರದಲ್ಲಿ ರೂತಳ ಕಥೆ. ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡ ಅವಳ ಅತ್ತೆ ನೊವೊಮಿಯ ಪಾತ್ರ ನನಗೆ.

ಮಂಗಳವಾರ ಎಂದಿನಂತೆ ಒಂದೊಂದೇ ಸಾಲು ಹಾಡಿ ನಮ್ಮಿಂದ ಹಾಡಿಸುತ್ತ ಕಲಿಸಿದಿರಿ. ನೊವೊಮಿಯ ದುಃಖದ ಹಾಡು ಶುರುವಾದಾಗ ಎಲ್ಲೋ ಕೇಳಿದ ರಾಗ ಅನ್ನಿಸಿತು. ಹಳೆಯ ಭಕ್ತಿಗೀತೆಗಳೆಲ್ಲ ಅಕ್ಕತಂಗಿಯರಲ್ಲವೇ ಎಂದು ಸುಮ್ಮನಾದೆ. ಮೂರನೆಯ ಸಾಲಿನಲ್ಲಿ, ಒಂದು ಪದದ ನಟ್ಟನಡುವೆ, ನೀವು ನಿಂತಿರಿ. ಆ ಸಾಲನ್ನು ಇನ್ನೊಮ್ಮೆ ಹಾಡಿ ಎಂದೆ.

"ಸಿಸ್ಟರ್ ಲವಿನಿಯಾ, ಅಲ್ಲಿ ನಿಲ್ಲಿಸ್ಬೇಕು. ಈ ಹಾಡಿನ ಜೀವ ಇರೋದೇ ಅಲ್ಲಿ," ಅಂದಿರಿ. ಇದನ್ನು ಯಾವಾಗ ಕಟ್ಟಿದಿರಿ ಎಂದು ಕೇಳಿದೆ. "ಮೆಂಫಿಸ್‌ನಲ್ಲಿ, ಮೀಸೆ ಬರೋಕ್ ಮುಂಚೆ."

ನಲವತ್ತು ವರ್ಷ ಅಮ್ಮ ಚರ್ಚಿನಲ್ಲಿ ಮುಂದೆ ನಿಂತು ಸಾಲು ಎತ್ತಿಕೊಡುತ್ತಿದ್ದಳು, ಸಭೆ ಅದನ್ನು ಎಳೆದು ಹಾಡುತ್ತಿತ್ತು. ಈ ರಾಗವನ್ನು ಅವಳು ಆ ಮೂರನೆಯ ಸಾಲಿನಲ್ಲಿ ಎಂದೂ ಮುರಿದವಳಲ್ಲ. ಅವಳು ದುಡಿಯುತ್ತಿದ್ದ ಲಾಂಡ್ರಿಯ ಹಬೆ ಎದೆಯನ್ನು ತಿಂದು ಹಾಕಿದ ಮೇಲೆ, ಹೋದ ಚಳಿಗಾಲದ ಅವಳ ಕೊನೆಯ ದಿನಗಳಲ್ಲಿ ಮಾತ್ರ, ಅಲ್ಲಿ ಬಂದು ನಿಲ್ಲುತ್ತಿದ್ದಳು. ಅದನ್ನು ಕೇಳಿದವರು ಇಬ್ಬರೇ: ನೀರಿನ ಲೋಟ ಹಿಡಿದು ನಿಂತಿದ್ದ ನಾನು, ಗುರುವಾರ ಗುರುವಾರ ಬರುತ್ತಿದ್ದ ನೀವು.

ಅಮ್ಮನ ದಿಂಬಿನ ಪಕ್ಕ ಟೇಪ್ ರೆಕಾರ್ಡರ್ ಇಟ್ಟು, "ಮದರ್, ಹಾಸಿಗೆ ಹಿಡಿದಿರೋ ಬೇರೆಯವರಿಗೂ ನಿಮ್ಮ ಪ್ರಾರ್ಥನೆ ಕೇಳಿಸ್ತೀನಿ," ಅಂದಿದ್ದಿರಿ. ಎರಡು ವರ್ಷದಿಂದ ಮಲಗಿರುವ ಸಿಸ್ಟರ್ ಯೂನೋಲಾರನ್ನು ನಿನ್ನೆ ಹೋಗಿ ಕೇಳಿದೆ. "ಟೇಪೂ ಇಲ್ಲ ಗೀಪೂ ಇಲ್ಲ ಕಣೇ! ಅವನು ಬಂದ್ರೆ ನನ್ ಗೆಣಸಿನ ಕಡುಬು ಖಾಲಿ ಮಾಡಿ ಹೋಗ್ತಾನೆ ಅಷ್ಟೇ," ಅಂದರು.

ಅಮ್ಮನೇ ರಾಗವನ್ನು ನಿಮಗೆ ಕೊಟ್ಟಿರಬಹುದು ಎಂದು ಮನಸ್ಸಿಗೆ ಹೇಳಿಕೊಂಡು ನಿಮಗೆ ಫೋನು ಮಾಡಿದೆ. ಆಗ ಮೆಂಫಿಸ್ ಮರೆತಿದ್ದಿರಿ. "ಆ ರಾಗ ಯಾರದ್ದೂ ಅಲ್ಲಮ್ಮಾ, ನಮ್ಮೆಲ್ಲರ ಅಜ್ಜಿಯರದ್ದು." ಇರಬಹುದು. ಯಾರದ್ದೂ ಅಲ್ಲದ ರಾಗಕ್ಕೆ ಅಚ್ಚಾದ ಹಾಡಿನ ಹಾಳೆಯಲ್ಲಿ ನಿಮ್ಮೊಬ್ಬರ ಹೆಸರು ಹೇಗೆ ಬಂತು?

ಶನಿವಾರದ ಆಟದಲ್ಲಿ ಇಡೀ ವಾದ್ಯವೃಂದ ಅಲ್ಲಿ ನಿಲ್ಲುತ್ತದೆ. ಎಂಥ ಕಲ್ಪನೆ ಎಂದು ಜನ ತಲೆದೂಗುತ್ತಾರೆ. ಅದು ರಾಗದ ನಿಲುಗಡೆ ಅಲ್ಲ, ಬ್ರದರ್. ಅಮ್ಮನಿಗೆ ಅಲ್ಲಿ ಉಸಿರು ಸಾಲುತ್ತಿರಲಿಲ್ಲ.

ಗುರುವಾರದ ತಾಲೀಮಿಗೆ ಹೊಸ ಹಾಳೆ ತನ್ನಿ. ಮಾತು ನಿಮ್ಮದು, ರಾಗ ಅರ್ಜೆಲ್ಲಾ ಕಾಬ್ಸ್ ಎತ್ತಿಕೊಟ್ಟದ್ದು ಎಂದು ಅದರಲ್ಲಿರಲಿ. ಆ ಟೇಪೂ ಬರಲಿ. ಹಾಗಾದರೆ ಹಾಡುತ್ತೇನೆ, ಅಮ್ಮ ಗಟ್ಟಿಯಿದ್ದಾಗ ಹಾಡುತ್ತಿದ್ದಂತೆ, ಮೂರನೆಯ ಸಾಲನ್ನು ಒಂದೇ ಉಸಿರಿನಲ್ಲಿ. ವಾದ್ಯದವರು ನಿಂತರೂ ನಾನು ನಿಲ್ಲುವುದಿಲ್ಲ. ಇಲ್ಲವಾದರೆ ಬೇರೆ ನೊವೊಮಿಯನ್ನು ಹುಡುಕಿಕೊಳ್ಳಿ.

ದೇವರು ನಿಮ್ಮ ಕಿವಿಯನ್ನು ಕಾಪಾಡಲಿ, ಅದರ ದುರಾಸೆಯನ್ನಲ್ಲ.

ಅರ್ಜೆಲ್ಲಾಳ ಮಗಳು,
ಲವಿನಿಯಾ