ನೆಲದ ಮೇಲೆ ಹರಿದ ಹಾವು

ಮಣ್ಣಗುಡ್ಡ, ಸೋಮವಾರ

ಅಣ್ಣನಿಗೆ ತಂಗಿಯ ನಮಸ್ಕಾರ. ಫೋನಿನಲ್ಲಿ ಹೇಳಿದರೆ ಮಗಳು ಕೇಳಿಸಿಕೊಂಡು ನಗುತ್ತಾಳೆ, ಅದಕ್ಕೇ ಈ ಕಾರ್ಡು. ಪೋಸ್ಟ್‌ಮ್ಯಾನ್ ಓದಿದರೆ ಓದಲಿ.

ನಿನ್ನೆ ಮೊಮ್ಮಕ್ಕಳು ನಿರೀಕ್ಷಾ, ಸುಜಿತ್ ನನ್ನನ್ನು ಇಲ್ಲಿಯ ಮಾಲ್‌ನೊಳಗಿನ ಡಿಜಿಟಲ್ ಮ್ಯೂಸಿಯಂಗೆ ಎಳೆದುಕೊಂಡು ಹೋದರು. ಬಾಗಿಲಲ್ಲೇ ಚಪ್ಪಲಿ ಬಿಡಿಸಿದರು. ದೇವರಿಲ್ಲದ ಜಾಗಕ್ಕೆ ಬರಿಗಾಲು ಯಾಕೆ? ನನಗೆ ಆಗಲೇ ಸಂಶಯ ಬಂತು. ಒಳಗೆ ಕತ್ತಲೆ. ಗೋಡೆ, ನೆಲ ಎಲ್ಲ ಬೆಳಕಿನಲ್ಲೇ ಬಿಡಿಸಿದ ಕಾಡು, ಕಾಲಿಟ್ಟಲ್ಲಿ ಹೂ ಅರಳುತ್ತದೆ. ಅಷ್ಟರಲ್ಲಿ ತರಗೆಲೆಯ ನಡುವಿನಿಂದ ಒಂದು ಹಾವು ಹರಿದು ಬಂತು. ಹೆಡೆ ಇತ್ತು, ನಾನೇ ಕಣ್ಣಾರೆ ನೋಡಿದೆ.

"ಮೆಟ್ಬೇಡಿ ಮಕ್ಕಳೇ!" ಎಂದು ಬೊಬ್ಬೆ ಹಾಕಿದೆ.

ಅಲ್ಲಿ ಕೆಲಸಕ್ಕಿದ್ದ ಹುಡುಗಿ ನಕ್ಕಳು. "ಎಂತ ಆಗುದಿಲ್ಲ ಅಮ್ಮ, ಅದು ಬರೀ ಲೈಟ್."

"ಮೆಟ್ಟಿದ್ರೆ ಅದು ಎಲ್ಲಿಗೆ ಹೋಗ್ತದೆ ಮಾರಾಯ್ತಿ?"

"ಮಾಯ ಆಗ್ತದೆ. ಸ್ವಲ್ಪ ಹೊತ್ತಲ್ಲಿ ಪುನಃ ಬರ್ತದೆ."

ನೋಡು, ಅವಳ ಬಾಯಿಂದಲೇ ಬಂತು. ಮಾಯವಾಗಿ ಪುನಃ ಬರುವುದು ಬರೀ ಲೈಟ್ ಹೇಗಾದೀತು?

ನನ್ನ ಮೊಣಕಾಲು ಹಾಗೇ ಉಂಟು. ಕಂಕನಾಡಿಯ ಡಾಕ್ಟರ ಮಾತ್ರೆ ಎರಡು ವಾರ ತಿಂದರೂ ಕಾಲನ್ನು ಬೇಗ ಎತ್ತಲಿಕ್ಕೆ ಆಗುವುದಿಲ್ಲ.

ನಾಗರ ಪಂಚಮಿಯವರೆಗೆ ಕಾಯಬೇಡ. ಈ ವಾರವೇ ಭಟ್ಟರನ್ನು ಕರೆದು ನಮ್ಮ ನಾಗಬನದಲ್ಲಿ ಹಾಲು, ಸೀಯಾಳ ಎರೆಸು. ಮಕ್ಕಳ ಹೆಸರು ಹೇಳಿಸುವುದು ಬೇಡ, ಅವರು ಹಾರಿ ದಾಟಿದ್ದರು. ಕಾರ್ಡಿನಲ್ಲಿ ಇನ್ನು ಜಾಗವಿಲ್ಲ. ಮೆಟ್ಟಿದ್ದು ನಾನು.

ಕುಶಲಾ